ಯಜಮಾನನಿಲ್ಲದ ಹೊತ್ತು

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನು ವಿರಳ. ಬೇಸಾಯದ ನೆಲದಲ್ಲಿ ಹುಟ್ಟಿರಬೇಕಾದ ಈ ನುಡಿಯು ಹೊಲದ ಬದುವನ್ನು ದಾಟಿ, ಅಂಗಡಿಯ ಗಲ್ಲಾಪೆಟ್ಟಿಗೆಗೂ ಹಿಟ್ಟಿನ ಗಿರಣಿಗೂ ಹೋಟೆಲಿನ ಒಲೆಗೂ ಬಂದು ಸೇರಿ, ಸಣ್ಣ ವ್ಯಾಪಾರಸ್ಥನ ಪಾಲಿಗೆ ವೇದವಾಕ್ಯವಾಗಿ ನಿಂತುಬಿಟ್ಟಿದೆ. ಬಾಗಿಲನ್ನು ತಾನೇ ತೆರೆದು ತಾನೇ ಮುಚ್ಚುವವನು, ತಕ್ಕಡಿಯನ್ನು ಮತ್ತೊಬ್ಬರ ಕೈಗೆ ಕೊಡದವನು, ಸಾಲದ ಪುಸ್ತಕವನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡು ಮಲಗುವವನು ನಮ್ಮ ಜನದ ಎಣಿಕೆಯಲ್ಲಿ ಜಾಣ. ಅಂಗಡಿಯನ್ನು ಕೆಲಸದವನಿಗೆ ಒಪ್ಪಿಸಿ ನಿಶ್ಚಿಂತನಾಗಿ ಮದುವೆಮನೆಗೆ ಹೋಗಿ ಉಂಡು ಬರುವವನು ಇಂದೋ ನಾಳೆಯೋ ಮುಳುಗತಕ್ಕವನು. ಗಾದೆಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿಯೇ ಒಂದು ಮಾತನ್ನು ಕೇಳಬಹುದೆಂದು ನನಗೆ ತೋರುತ್ತದೆ: ಆಳು ಮಾಡಿದ್ದು ಹಾಳಾದದ್ದು ಅವನು ಆಳು ಎಂಬ ಕಾರಣದಿಂದಲೋ, ಅಥವಾ ಹಾಳಾಗದಂತೆ ನೋಡಿಕೊಳ್ಳುವುದಕ್ಕೆ ಬೇಕಾದ ಅಧಿಕಾರವನ್ನು ಯಜಮಾನನು ತನ್ನ ಸೊಂಟದಲ್ಲಿಯೇ ಸಿಕ್ಕಿಸಿಕೊಂಡು ಹೋದ ಕಾರಣದಿಂದಲೋ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ತಾಳವಾಡಿಯ ಬೆಟ್ಟದ ಸೀಮೆ ತಕ್ಕ ಸ್ಥಳ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ನೆಲದ ಏರಿಳಿತದಲ್ಲಿ ಮೈಸೂರು ಪ್ರಸ್ಥಭೂಮಿಯ ಅಂಗವೇ ಆಗಿರುವ ಈ ಸೀಮೆಯ ಜನದ ಮನೆಮಾತು ಬಹುಮಟ್ಟಿಗೆ ಕನ್ನಡ. ಹತ್ತಿರದ ಪಟ್ಟಣ ಕರ್ನಾಟಕದ ಚಾಮರಾಜನಗರ. 1956ರಲ್ಲಿ ರಾಜ್ಯಗಳ ಗಡಿಯನ್ನು ಹೊಸದಾಗಿ ಗೀಚಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಬಂದಿತು, ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯ ಕೇಂದ್ರವಾದ ಮೇಲೆ ಇಲ್ಲಿಯವರ ಕಚೇರಿಯ ಅಲೆದಾಟವು ಕೊಯಮತ್ತೂರಿನಿಂದ ಈರೋಡಿಗೆ ತಿರುಗಿತೇ ಹೊರತು ತಪ್ಪಲಿಲ್ಲ. 2016ರಲ್ಲಿ ತಾಳವಾಡಿಯೇ ತಾಲ್ಲೂಕಾದುದರಿಂದ ಕೆಲವು ಕಾಗದಗಳು ಈಗ ಬೆಟ್ಟದ ಮೇಲೆಯೇ ಸಿಕ್ಕುತ್ತವೆಯಾದರೂ, ಜಿಲ್ಲೆಯ ಮಟ್ಟದ ಕೆಲಸವೆಂದರೆ ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ. ಆ ಪ್ರಯಾಣದ ನಡುವೆ ದಿಂಬಂ ಘಾಟಿ, ಅದರ 27 ತಿರುವುಗಳು, ಅವುಗಳ ಎರಡು ಕಡೆಯಲ್ಲಿಯೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ಕಾಡುಪ್ರಾಣಿಗಳ ರಕ್ಷಣೆಗಾಗಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿ 10ರಿಂದ ಈ ದಾರಿಯಲ್ಲಿ ಭಾರಿ ವಾಹನಗಳು ಸಂಜೆ 6 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಓಡಾಡುವಂತಿಲ್ಲ. ಆ ಆದೇಶದ ನ್ಯಾಯಾನ್ಯಾಯಗಳು ಇಲ್ಲಿ ಪ್ರಸ್ತುತವಲ್ಲ. ಬೆಟ್ಟದ ಮೇಲಿನ ವ್ಯಾಪಾರಸ್ಥನ ದಿನಚರಿಯು ಅದರಿಂದ ಇನ್ನಷ್ಟು ಬಿಗಿಯಾಯಿತೆಂಬುದನ್ನು ಮಾತ್ರ ನೆನಪಿನಲ್ಲಿಡೋಣ.

ಇಂತಹ ಸೀಮೆಯಲ್ಲಿ ಅಂಗಡಿ ಇಟ್ಟವನು ಅಂಗಡಿಯಲ್ಲಿ ಇರಲಾರ. ಕೋಸು, ಟೊಮೇಟೊ, ಆಲೂಗಡ್ಡೆಗಳನ್ನು ಕೊಂಡು ಸಾಗಿಸುವವನು ಮೇಟುಪಾಳ್ಯದ ಮಂಡಿಯ ಧಾರಣೆಯನ್ನು ಹಿಂಬಾಲಿಸಿ ಹೋಗಬೇಕು. ದಿನಸಿಯವನು ಚಾಮರಾಜನಗರಕ್ಕೆ ಹೋಗಬೇಕು. ರಾಜ್ಯದ ಗಡಿಯನ್ನು ದಾಟಿ ಬರುವ ಸರಕಿನ ಬೆಲೆ 50,000 ರೂಪಾಯಿಯನ್ನು ಮೀರಿದರೆ ಇ-ವೇ ಬಿಲ್ಲು ಬೇಕು. ಬ್ಯಾಂಕಿನವರು ಕರೆದರೆ, ಕಚೇರಿಯವರು ಸಹಿ ಕೇಳಿದರೆ, ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿ ಬಂದರೆ ಘಾಟಿ ಇಳಿಯಲೇಬೇಕು. ರಾಜಧಾನಿಯ ಬೀದಿಯ ಅಂಗಡಿಕಾರನಿಗೆ ಅನ್ಯರ ಕೈಗೆ ಕೆಲಸ ಒಪ್ಪಿಸುವುದು ಅವನ ಅಭಿರುಚಿಗೆ ಬಿಟ್ಟ ವಿಷಯವಾಗಿರಬಹುದು. ತಾಳವಾಡಿಯಲ್ಲಿ ಅದು ಭೂಗೋಳದ ಅಪ್ಪಣೆ. ಗುಮಟಾಪುರದ ಗೊರೆಹಬ್ಬದ ದಿನವಂತೂ ಕೇಳಬೇಕಾದುದಿಲ್ಲ: ದೀಪಾವಳಿ ಕಳೆಯುತ್ತಲೇ ಬರುವ ಆ ಮಧ್ಯಾಹ್ನ ಊರ ಗಂಡಸರೆಲ್ಲ ಸಗಣಿಯ ಗುಡ್ಡೆಯೊಳಗೆ ಮುಳುಗಿರುವಾಗ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೆಂದು ವಿಚಾರಿಸುವ ಯಜಮಾನನಿಗೆ ಹಬ್ಬವನ್ನು ಆಚರಿಸುವ ಯೋಗ್ಯತೆ ಇಲ್ಲ.

ಆದರೆ ಯಜಮಾನನು ಹೊರಟುಹೋದ ಮೇಲೆ ಅಂಗಡಿಯಲ್ಲಿ ಉಳಿಯುವುದು ಏನು? ಗೊಬ್ಬರ, ಬೀಜ, ಔಷಧಿಗಳನ್ನು ಮಾರುವ ಒಂದು ಅಂಗಡಿಯನ್ನು ಮನಸ್ಸಿಗೆ ತಂದುಕೊಳ್ಳಿ. ಈ ಸೀಮೆಯಲ್ಲಿ ಅಂತಹವು ಹಲವು ಇವೆ. ಬೆಳಗಿನ ಹತ್ತು ಗಂಟೆ. ಮೇಜಿನ ಹಿಂದೆ ಯಜಮಾನನ ಹೆಂಡತಿ, ಮೂಟೆಗಳ ಹತ್ತಿರ ಎತ್ತಿಕೊಡುವ ಹುಡುಗ. ಕೋಸಿನ ಎಲೆಗೆ ಹುಳು ಬಿದ್ದ ರೈತನೊಬ್ಬನು ತೂತುಬಿದ್ದ ಎಲೆಯನ್ನೇ ಕೈಯಲ್ಲಿ ಹಿಡಿದು ಬಂದು ಮೇಜಿನ ಮೇಲಿಡುತ್ತಾನೆ, ಔಷಧಿ ಬೇಕೆನ್ನುತ್ತಾನೆ, ಹಣವನ್ನು ಕಟಾವಾದ ಮೇಲೆ ಕೊಡುತ್ತೇನೆನ್ನುತ್ತಾನೆ. ಆಕೆ ಎಲೆಯನ್ನು ತಿರುಗಿಸಿ ನೋಡುತ್ತಾಳೆ. ಯಾವ ಸೀಸೆ ಎಂಬುದು ಆಕೆಗೆ ಗೊತ್ತು. ಈ ರೈತನ ಮಾತು ಎಷ್ಟು ತೂಕದ್ದೆಂಬುದೂ ಗಂಡನಿಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ಆತನ ಮನೆಯವಳ ಸಂಘದಲ್ಲಿ ಆಕೆಯೂ ಇದ್ದಾಳೆ. ಆದರೂ ಆಕೆಯ ಬಾಯಿಂದ ಬರುವ ಮಾತು ಒಂದೇ: "ಅವ್ರು ಘಾಟಿ ಇಳ್ದವ್ರ ಕಣಣ್ಣ, ಬರ್ಲಿ, ಕೇಳ್ಬುಟ್ಟು ಹೇಳ್ತೀನಿ." ಹುಳುವು ಯಜಮಾನನು ಬರುವವರೆಗೆ ಕಾಯುವುದಿಲ್ಲ, ರೈತನೂ ಕಾಯುವುದಿಲ್ಲ. ಅವನು ಎಲೆಯನ್ನು ಅಲ್ಲಿಯೇ ಬಿಟ್ಟು ಚಾಮರಾಜನಗರದ ಬಸ್ಸನ್ನು ಹತ್ತುತ್ತಾನೆ. ಸಂಜೆ ಯಜಮಾನನು ಬಂದು, ವ್ಯಾಪಾರ ಏನಾಯಿತೆಂದು ಕೇಳಿ, ಆಗಿಲ್ಲವೆಂದು ತಿಳಿದು, ತಾನಿಲ್ಲದಿದ್ದರೆ ಒಂದು ಕೆಲಸವೂ ನಡೆಯುವುದಿಲ್ಲವೆಂಬ ಸಿದ್ಧಾಂತವನ್ನು ಮತ್ತೊಮ್ಮೆ ದೃಢಪಡಿಸಿಕೊಳ್ಳುತ್ತಾನೆ.

ಈ ಸಿದ್ಧಾಂತವು ತನ್ನನ್ನು ತಾನೇ ಸಾಧಿಸಿಕೊಳ್ಳುವ ಬಗೆಯದು. ಆತನು ಹೆಂಡತಿಗೆ ಕೊಟ್ಟು ಹೋದದ್ದು ಕುಳಿತುಕೊಳ್ಳುವ ಸ್ಥಳವನ್ನು, ಹುಡುಗನಿಗೆ ಕೊಟ್ಟು ಹೋದದ್ದು ಮೂಟೆಯ ಭಾರವನ್ನು. ಸರಿ ಎನ್ನುವ, ಇಲ್ಲ ಎನ್ನುವ, ಐದು ರೂಪಾಯಿ ಬಿಡುವ, ಹತ್ತು ದಿನದ ವಾಯಿದೆ ಕೊಡುವ ಹಕ್ಕು ಮಾತ್ರ ಅವನೊಡನೆ ಬಸ್ಸು ಹತ್ತಿ ದಿಂಬಂ ಇಳಿದು ಹೋಗಿದೆ. ಶ್ರಮವನ್ನು ಹಂಚುವುದು ಸುಲಭ, ಅದಕ್ಕೆ ಕೂಲಿ ಕೊಟ್ಟರೆ ಮುಗಿಯಿತು. ತೀರ್ಮಾನವನ್ನು ಹಂಚುವುದು ಕಷ್ಟ, ಏಕೆಂದರೆ ಅನ್ಯರ ತೀರ್ಮಾನದಿಂದ ಬಂದ ನಷ್ಟವನ್ನು ತಾನು ಹೊರಬೇಕು. ಜವಾಬ್ದಾರಿಯನ್ನು ಒಪ್ಪಿಸಿದ್ದೇನೆಂದು ಹೇಳಿಕೊಳ್ಳುವ ಹತ್ತು ಮಂದಿ ಯಜಮಾನರಲ್ಲಿ ಬಹುಪಾಲಿನವರು ಒಪ್ಪಿಸಿರುವುದು ಮೊದಲನೆಯದನ್ನು ಮಾತ್ರವೆಂದು ನನ್ನ ಅನುಮಾನ.

ಇತ್ತೀಚಿನ ಯಂತ್ರಗಳು ಈ ರೋಗವನ್ನು ಕಳೆಯಲಿಲ್ಲ, ಬದಲಾಗಿ ಅದಕ್ಕೆ ಶಾಸ್ತ್ರೋಕ್ತವಾದ ರೂಪವನ್ನು ಕೊಟ್ಟವು. ಗಿರಾಕಿಯು ಗೋಡೆಯ ಮೇಲಿನ ಕ್ಯೂಆರ್ ಚೀಟಿಗೆ ಮೊಬೈಲು ಹಿಡಿಯುತ್ತಾನೆ, ಹಣವು ಯಜಮಾನನ ಖಾತೆಗೆ ಹೋಗುತ್ತದೆ. ಬಂದಿತೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲಿರುವವರು ನಂಬುವುದಾದರೂ ಹೇಗೆ? ಅದಕ್ಕಾಗಿಯೇ ಇಷ್ಟು ರೂಪಾಯಿ ಬಂದಿತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಕೂರಿಸಿದ್ದಾರೆ. ಇದು ಒಳ್ಳೆಯ ಉಪಕರಣವೇ, ಸಂದೇಹವಿಲ್ಲ. ಆದರೆ ಬ್ಯಾಂಕಿನ ಒಟಿಪಿಯಾಗಲಿ ಜಿಎಸ್‌ಟಿ ಲೆಕ್ಕವನ್ನು ಸಲ್ಲಿಸುವಾಗ ಬರುವ ಒಟಿಪಿಯಾಗಲಿ ಯಜಮಾನನ ಮೊಬೈಲಿಗೇ ಬರುತ್ತದೆ. ಯಜಮಾನನಾದರೋ ಆ ಹೊತ್ತಿನಲ್ಲಿ ಸಿಗ್ನಲ್ ಸಿಗದ ಯಾವುದೋ ತಿರುವಿನಲ್ಲಿ ಆನೆ ದಾಟಲೆಂದು ಕಾಯುತ್ತಿರುತ್ತಾನೆ. ಹಿಂದೆ ಅವನ ಬೀಗದ ಕೈ ಜೇಬಿನಲ್ಲಿತ್ತು, ಈಗ ಆರು ಅಂಕೆಗಳಾಗಿದೆ. ತೆರಿಗೆಯ ಕಾನೂನು ತಾನಾಗಿ ಇಷ್ಟು ಬಿಗಿಯನ್ನು ಕೇಳುವುದಿಲ್ಲವೆಂಬುದು ಇಲ್ಲಿಯ ಸ್ವಾರಸ್ಯ. ಮಾಲೀಕನಲ್ಲದವನನ್ನೂ ಅಧಿಕೃತ ಸಹಿದಾರನನ್ನಾಗಿ ನೇಮಿಸಿಕೊಳ್ಳುವುದಕ್ಕೆ ಅದು ಅವಕಾಶ ಕೊಟ್ಟಿದೆ. ಆ ಅವಕಾಶವನ್ನು ಹೆಂಡತಿಗಾಗಿ ಬಳಸಿಕೊಂಡವರು ಎಷ್ಟು ಮಂದಿಯೆಂದು ಓದುಗರೇ ತಮ್ಮ ಊರಿನ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು.

ಕಾನೂನಿನ ಮಾತು ಬಂದುದರಿಂದ ಅದರಲ್ಲಿಯೇ ತುಸು ಹೊತ್ತು ನಿಲ್ಲುವುದು ಒಳಿತು. ಯಜಮಾನ ಮತ್ತು ಅವನ ಪರವಾಗಿ ನಡೆದುಕೊಳ್ಳುವವನ ಸಂಬಂಧವನ್ನು ಕುರಿತು ನಮ್ಮ ನೀತಿಬೋಧಕರಿಗಿಂತ 1872ರ ಭಾರತೀಯ ಕರಾರು ಅಧಿನಿಯಮವು ಹೆಚ್ಚು ವಿವೇಕದಿಂದ ಯೋಚಿಸಿದೆ. ಅದರ 189ನೆಯ ಪ್ರಕರಣದ ಪ್ರಕಾರ, ತುರ್ತಿನ ಸಮಯದಲ್ಲಿ ಯಜಮಾನನನ್ನು ನಷ್ಟದಿಂದ ಪಾರುಮಾಡುವುದಕ್ಕಾಗಿ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಿಷಯದಲ್ಲಿ ಏನನ್ನು ಮಾಡುತ್ತಿದ್ದನೋ ಅದನ್ನು ಮಾಡುವ ಅಧಿಕಾರ ಪ್ರತಿನಿಧಿಗೆ ಇದೆ. ಇದಕ್ಕೆ ಅಧಿನಿಯಮವೇ ಕೊಡುವ ದೃಷ್ಟಾಂತವೊಂದು ತಾಳವಾಡಿಯವರಿಗಾಗಿಯೇ ಬರೆದಂತಿದೆ: ಕಲ್ಕತ್ತೆಯಲ್ಲಿರುವವನಿಗೆ ಒಬ್ಬನು ಆಹಾರ ಪದಾರ್ಥಗಳನ್ನು ಒಪ್ಪಿಸಿ, ಕೂಡಲೆ ಕಟಕದಲ್ಲಿರುವ ಇನ್ನೊಬ್ಬನಿಗೆ ಕಳುಹಿಸೆಂದು ಹೇಳಿರುತ್ತಾನೆ, ಕಟಕವನ್ನು ಮುಟ್ಟುವಷ್ಟರಲ್ಲಿ ಪದಾರ್ಥಗಳು ಕೆಟ್ಟುಹೋಗುವಂತಿದ್ದರೆ ಅವನು ಕಲ್ಕತ್ತೆಯಲ್ಲಿಯೇ ಮಾರಿಬಿಡಬಹುದು. ಟೊಮೇಟೊ ತುಂಬಿದ ಲಾರಿಯು ಸಂಜೆ ಆರಕ್ಕೆ ಹತ್ತು ನಿಮಿಷ ತಡವಾಗಿ ತಪಾಸಣೆಯ ಠಾಣೆಗೆ ಬಂದು ನಿಂತಾಗ, ಒಳಗಿನ ಕ್ರೇಟುಗಳಲ್ಲಿ ಹಣ್ಣು ರಸ ಬಿಡುತ್ತಿರುವಾಗ, ಯಜಮಾನನ ಮೊಬೈಲು ವ್ಯಾಪ್ತಿಯ ಹೊರಗಿರುವಾಗ, ಲಾರಿಯನ್ನು ತಿರುಗಿಸಿ ಚಾಮರಾಜನಗರದ ಮಂಡಿಗೆ ಹಾಕುವ ಧೈರ್ಯ ಲಾರಿಯ ಜೊತೆಗಿರುವ ಹುಡುಗನಿಗೆ ಇರಬೇಕೋ ಬೇಡವೋ? ಕಾನೂನು ಇರಬೇಕೆನ್ನುತ್ತದೆ. ಹುಡುಗನು ಮಾತ್ರ ರಾತ್ರಿಯೆಲ್ಲ ಅಲ್ಲಿಯೇ ನಿಲ್ಲುತ್ತಾನೆ. ಹಣ್ಣು ಕೊಳೆತರೆ ಅದು ದೈವದ ತಪ್ಪು, ಕಡಿಮೆ ಬೆಲೆಗೆ ಮಾರಿದರೆ ತನ್ನ ತಪ್ಪು ಎಂಬುದನ್ನು ಅವನು ಅನುಭವದಿಂದ ಕಲಿತಿದ್ದಾನೆ.

ಅಧಿನಿಯಮವು ಪ್ರತಿನಿಧಿಗೆ ಬರಿಯ ಹಕ್ಕನ್ನು ಕೊಟ್ಟು ಕೈಬಿಟ್ಟಿಲ್ಲ. ಕೇಳಿದಾಗ ಸರಿಯಾದ ಲೆಕ್ಕವನ್ನು ಒಪ್ಪಿಸತಕ್ಕದ್ದು, ಕಷ್ಟ ಬಂದಾಗ ಯಜಮಾನನಿಗೆ ಸುದ್ದಿ ಮುಟ್ಟಿಸಿ ಅಪ್ಪಣೆ ಕೇಳುವುದಕ್ಕೆ ಸಾಧ್ಯವಾದ ಪ್ರಯತ್ನವನ್ನೆಲ್ಲ ಮಾಡತಕ್ಕದ್ದು ಎಂಬ ಹೊಣೆಗಳನ್ನು ಅವನ ಮೇಲೆ ಹೊರಿಸಿದೆ. ಹಾಗೆಯೇ 222ನೆಯ ಪ್ರಕರಣದಲ್ಲಿ, ಕೊಟ್ಟ ಅಧಿಕಾರದೊಳಗೆ ನ್ಯಾಯವಾಗಿ ಮಾಡಿದ ಕೆಲಸದ ಫಲವಾಗಿ ಪ್ರತಿನಿಧಿಗೆ ಒದಗಿದ ನಷ್ಟವನ್ನು ತುಂಬಿಕೊಡುವ ಹೊಣೆಯನ್ನು ಯಜಮಾನನ ಮೇಲೆ ಹೊರಿಸಿದೆ. ಈ ಕೊನೆಯ ಮಾತೇ ಇಡೀ ವಿಷಯದ ತಿರುಳೆಂದು ನನಗೆ ಕಾಣುತ್ತದೆ. ನಷ್ಟವನ್ನು ಹೊರುವ ಕರ್ತವ್ಯವೊಂದನ್ನು ಮಾತ್ರ ಯಜಮಾನನು ಯಾರಿಗೂ ಒಪ್ಪಿಸಲಾರ, ಒಪ್ಪಿಸಲೂ ಬಾರದು. ಉಳಿದುದನ್ನೆಲ್ಲ ಒಪ್ಪಿಸಬಹುದು. ನಮ್ಮಲ್ಲಿ ನಡೆಯುವುದು ಇದಕ್ಕೆ ನೇರ ವಿರುದ್ಧ: ಬೆಲೆ, ವಾಯಿದೆ, ಕೊಳ್ಳುವಿಕೆಗಳ ಅಧಿಕಾರವನ್ನೆಲ್ಲ ತನ್ನಲ್ಲಿಟ್ಟುಕೊಂಡು, ಒಡೆದ ಸೀಸೆಯ ಬೆಲೆಯನ್ನು, ವಸೂಲಾಗದ ಸಾಲವನ್ನು ಹುಡುಗನ ಸಂಬಳದಿಂದ ಮುರಿದುಕೊಳ್ಳುವ ಯಜಮಾನರು ತಮ್ಮನ್ನು ಕಟ್ಟುನಿಟ್ಟಿನವರೆಂದು ತಿಳಿದುಕೊಂಡಿದ್ದಾರೆ.

ಪ್ರತಿವಾದಿಯು ಇಲ್ಲಿ ಸುಮ್ಮನಿರಲಾರ, ಸುಮ್ಮನಿರಬಾರದು. ಸಣ್ಣ ಅಂಗಡಿಯ ಲಾಭ ಕೂದಲೆಳೆಯದು. ದೊಡ್ಡ ಕಂಪನಿಗೆ ಒಬ್ಬ ನೌಕರನ ತಪ್ಪು ಲೆಕ್ಕದಲ್ಲಿ ಬಾರದ ಬಿಂದು, ಇಲ್ಲಿ ಅದು ಒಂದು ತಿಂಗಳ ಅನ್ನ. ಕಳವಿನ ಭಯವಾದರೂ ಕಲ್ಪಿತವಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜನ ಹಣವನ್ನು ಅಧಿಕಾರಿಗಳು ಅಪಹರಿಸುವ 40 ಉಪಾಯಗಳನ್ನು ಎಣಿಸಿ ಹೇಳಿದ್ದಾನೆ. ತಾಳವಾಡಿಯ ಅಂಗಡಿಕಾರನು ಅವಕ್ಕೆ ಇನ್ನು ನಾಲ್ಕೈದನ್ನು ಸೇರಿಸಬಲ್ಲನು. ಇದನ್ನೆಲ್ಲ ಒಪ್ಪಿಯೂ ಎರಡು ಮಾತು ಹೇಳಬೇಕಾಗಿದೆ. ಆ 40 ಉಪಾಯಗಳನ್ನು ಬಲ್ಲ ಕೌಟಿಲ್ಯನು ಅಧಿಕಾರಿಗಳೇ ಬೇಡವೆನ್ನಲಿಲ್ಲ; ಒಂದೊಂದು ಇಲಾಖೆಗೂ ಒಬ್ಬೊಬ್ಬ ಅಧ್ಯಕ್ಷನನ್ನು ನೇಮಿಸಿ, ಅವನ ಲೆಕ್ಕವನ್ನು ಗೊತ್ತಾದ ದಿನದಲ್ಲಿ ಪರೀಕ್ಷಿಸುವ ಏರ್ಪಾಡನ್ನು ಹೇಳಿದನು. ಎರಡನೆಯದು, ಕಳವು ನಡೆಯುವುದು ಹೆಚ್ಚಾಗಿ ಮಿತಿ ತಿಳಿಯದ ಕಡೆಯಲ್ಲಿ. ಇಷ್ಟು ರೂಪಾಯಿಯವರೆಗೆ, ಇಂತಹ ಹತ್ತು ಮನೆಗಳಿಗೆ, ನನ್ನನ್ನು ಕೇಳದೆ ಸಾಲ ಬರೆಯಬಹುದು ಎಂದು ಹೇಳಿಟ್ಟ ಅಂಗಡಿಯಲ್ಲಿ ಮೀರಿದ ಒಂದು ರೂಪಾಯಿಯೂ ಕಣ್ಣಿಗೆ ಹೊಡೆಯುತ್ತದೆ. ಏನನ್ನೂ ಹೇಳದೆ ಎಲ್ಲವನ್ನೂ ನಿಷೇಧಿಸಿದ ಅಂಗಡಿಯಲ್ಲಿ ನಡೆಯುವುದೆಲ್ಲ ಗುಟ್ಟಿನಲ್ಲಿಯೇ ನಡೆಯಬೇಕಾಗುವುದರಿಂದ, ಗಿರಾಕಿಯ ಮೇಲಿನ ದಯೆಯಿಂದ ಬಿಟ್ಟುಕೊಟ್ಟ ಎರಡು ರೂಪಾಯಿಗೂ ಜೇಬಿಗೆ ಹಾಕಿಕೊಂಡ ಎರಡು ರೂಪಾಯಿಗೂ ಕಿರ್ದಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಮಿತಿಯನ್ನು ಗೊತ್ತುಮಾಡುವುದಕ್ಕಿಂತ ಕಠಿನವಾದುದು ಅದರೊಳಗೆ ನಡೆದುದನ್ನು ಸಹಿಸುವುದು. ಹೆಂಡತಿಯೋ ಹುಡುಗನೋ ಒಂದು ಬೆಲೆ ಹೇಳಿರುತ್ತಾರೆ. ಆಗತಾನೆ ಬಂದ ಯಜಮಾನನು ಗಿರಾಕಿಯ ಎದುರಿನಲ್ಲಿಯೇ, "ಅದೆಂಗಾಯ್ತದೆ, ನಂಗೇ ಅಷ್ಟಕ್ಕೆ ಬರಾಕಿಲ್ಲ" ಎಂದು ಕೂಗಿ ಆ ಬೆಲೆಯನ್ನು ತಳ್ಳಿಹಾಕುತ್ತಾನೆ. ಅವನು ಉಳಿಸಿಕೊಂಡದ್ದು ಹತ್ತು ರೂಪಾಯಿ. ಕಳೆದುಕೊಂಡದ್ದನ್ನು ಲೆಕ್ಕ ಹಾಕೋಣ: ಆ ಗಿರಾಕಿಯು ಇನ್ನು ಮುಂದೆ ಯಜಮಾನನಿಲ್ಲದ ಹೊತ್ತಿನಲ್ಲಿ ಬರುವುದಿಲ್ಲ, ಬಂದರೂ ಬೆಲೆ ಕೇಳುವುದಿಲ್ಲ, ಹುಡುಗನು ಇನ್ನು ಮುಂದೆ ಬೆಲೆ ಹೇಳುವುದಿಲ್ಲ, ಹೆಂಡತಿ ಸಂಜೆಯವರೆಗೆ ಮಾತಾಡುವುದಿಲ್ಲ. ತಪ್ಪು ಬೆಲೆಯಾಗಿದ್ದರೂ ಆ ಹೊತ್ತಿಗೆ ಅದನ್ನು ನಡೆಸಿಕೊಟ್ಟು, ಬಾಗಿಲು ಹಾಕಿದ ಮೇಲೆ ಕೊಂಡ ಚೀಟಿಯನ್ನು ಮುಂದಿಟ್ಟು, ಸಾಗಣೆಯ ಖರ್ಚು ಇಷ್ಟು, ಹಮಾಲಿ ಇಷ್ಟು, ಆದುದರಿಂದ ಇಷ್ಟರ ಕೆಳಗೆ ಇಳಿಯಬಾರದೆಂದು ತಿಳಿಹೇಳುವ ಯಜಮಾನನು ಆ ಹತ್ತು ರೂಪಾಯಿಯನ್ನು ಪಾಠದ ಶುಲ್ಕವೆಂದು ಬರೆದುಕೊಳ್ಳಬಹುದು. ಕೊಂಡ ಬೆಲೆಯನ್ನು ಮುಚ್ಚಿಟ್ಟು ಮಾರುವ ಬೆಲೆಯನ್ನು ಮಾತ್ರ ಬಾಯಿಪಾಠ ಮಾಡಿಸುವ ಪದ್ಧತಿ ನಮ್ಮಲ್ಲಿ ಬಹಳ; ಕಾರಣವನ್ನು ತಿಳಿಯದವನಿಂದ ವಿವೇಚನೆಯನ್ನು ನಿರೀಕ್ಷಿಸುವುದು ಅನ್ಯಾಯ.

ತಾಳವಾಡಿಯ ಹೆಸರನ್ನು ಎತ್ತಿದವರು ಗಾಜನೂರನ್ನು ನೆನೆಯದೆ ಇರಲಾರರು. ಆ ಊರು ಎಂದೊಡನೆ ಹೊರಗಿನವರು 2000ದ ಜುಲೈ 30ರ ರಾತ್ರಿ ನಡೆದ ನಟ ರಾಜಕುಮಾರರ ಅಪಹರಣವನ್ನೇ ಮಾತಾಡುತ್ತಾರೆ; ನಾನು ಆ ಊರನ್ನು ತರುತ್ತಿರುವುದು ಬೇರೊಂದು ಕಾರಣಕ್ಕೆ. ಗಾಜನೂರಿನ ಮುತ್ತುರಾಜ್, ಎಂದರೆ ನಮ್ಮ ರಾಜಕುಮಾರರು, ತಂದೆ ಪುಟ್ಟಸ್ವಾಮಯ್ಯನವರ ಬೆನ್ನಿಗೇ ನಾಟಕದ ಕಂಪನಿಗಳಲ್ಲಿ, ಮುಖ್ಯವಾಗಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ವೃತ್ತಿ ನಾಟಕದ ಕಂಪನಿಯೆಂದರೆ ಬಣ್ಣ ಹಚ್ಚಿದ ಒಂದು ಸಣ್ಣ ವ್ಯಾಪಾರವೇ: ಊರೂರಿಗೆ ಹೋಗುವ ಡೇರೆ, ದಿನವೂ ಉಣ್ಣುವ ಬಾಯಿಗಳು, ಮಳೆ ಬಂದರೆ ಖಾಲಿಯಾಗುವ ಕುರ್ಚಿಗಳು. ಅದರಲ್ಲಿಯೂ ಗುಬ್ಬಿ ವೀರಣ್ಣನವರಂತೆ ಮಾಲೀಕನೇ ಮುಖ್ಯ ನಟನಾದ ಕಂಪನಿಯಲ್ಲಿ ಸಮಸ್ಯೆ ಸ್ವಯಂಸ್ಪಷ್ಟ: ಟಿಕೆಟ್ಟಿನ ಕಿಂಡಿಯಲ್ಲಿ ಹಣ ಎಣಿಸಬೇಕಾದ ಹೊತ್ತಿನಲ್ಲಿ ಮಾಲೀಕನು ಬಣ್ಣದ ಮುಖದಲ್ಲಿ ಪರದೆಯ ಹಿಂದೆ ನಿಂತಿರುತ್ತಾನೆ. ಕಿಂಡಿಯನ್ನು ಮತ್ತೊಬ್ಬನಿಗೆ ಪೂರ್ತಿಯಾಗಿ ಒಪ್ಪಿಸದವನಿಗೆ ನಟನೆ ಸಾಧ್ಯವಿಲ್ಲ.

ಈ ಪಾಠವು ರಾಜಕುಮಾರರ ಸಂಸಾರದಲ್ಲಿ ಬೇರೆಯೇ ರೀತಿಯಲ್ಲಿ ಫಲಿಸಿತೆನ್ನಬಹುದು. 1954ರ "ಬೇಡರ ಕಣ್ಣಪ್ಪ"ದಿಂದ ನಾಯಕನಟರಾಗಿ ನಿಂತ ಅವರು ಕತೆಗಳ ಆಯ್ಕೆಯ ಭಾರವನ್ನು ತಮ್ಮ ವರದಪ್ಪನವರಿಗೆ ಬಿಟ್ಟರು. ಚಿತ್ರ ನಿರ್ಮಾಣದ ವ್ಯವಹಾರವನ್ನು 1975ರ "ತ್ರಿಮೂರ್ತಿ"ಯಿಂದ ಮೊದಲುಮಾಡಿ ಪತ್ನಿ ಪಾರ್ವತಮ್ಮನವರು ವಹಿಸಿಕೊಂಡರು. ಸಾಲಿಗ್ರಾಮದಿಂದ ಬಂದ, ಚಿತ್ರೋದ್ಯಮದಲ್ಲಿ ಹೆಂಗಸು ಹಣದ ಮಾತಾಡುವುದು ಅಪರೂಪವಾಗಿದ್ದ ಕಾಲದ ಗೃಹಿಣಿಯೊಬ್ಬರು ಮುಂದಿನ ನಾಲ್ಕು ದಶಕಗಳಲ್ಲಿ "ಶಂಕರ್ ಗುರು", "ಆನಂದ್", "ಜೀವನ ಚೈತ್ರ", "ಜನುಮದ ಜೋಡಿ" ಮೊದಲಾದ ಹತ್ತಾರು ಚಿತ್ರಗಳ ನಿರ್ಮಾಪಕಿಯಾದರು. ಗಂಡನ ಹಣವನ್ನು ಹೆಂಡತಿ ನೋಡಿಕೊಂಡಳೆಂಬ ಮನೆಮನೆಯ ಕತೆಗಿಂತ ಇದು ಬೇರೆಯಾಗುವುದು ಒಂದು ಸಣ್ಣ ವಿವರದಲ್ಲಿ: ತೆರೆಯ ಮೇಲೆ ನಿರ್ಮಾಪಕರೆಂದು ಅವರ ಹೆಸರೇ ಬಂದಿತು. ಮಾತುಕತೆಗೆ ಬಂದ ವಿತರಕನು, ಯಜಮಾನರನ್ನು ಕೇಳಿ ಹೇಳಿ ಎಂದು ಎದ್ದು ಹೋಗುವಂತಿರಲಿಲ್ಲ. ಅವನ ಎದುರಿನಲ್ಲಿ ಕುಳಿತಿದ್ದವರೇ ನಿರ್ಮಾಪಕರು. ಹೊರಗಿನ ಲೋಕಕ್ಕೆ ಅಧಿಕಾರವು ಎಲ್ಲಿದೆಯೆಂಬುದನ್ನು ಹೆಸರು ತಿಳಿಸುತ್ತದೆ. ಅದನ್ನು ಗುಟ್ಟಾಗಿ ಕೊಟ್ಟರೆ ಕೊಟ್ಟಂತಲ್ಲ. ಇದನ್ನು ಆದರ್ಶವೆಂದು ಹೇಳುತ್ತಿಲ್ಲ. ಆ ಸಂಸಾರದಲ್ಲಿದ್ದ ಪ್ರತಿಭೆ ಎಲ್ಲ ಮನೆಗಳಲ್ಲಿಯೂ ಇರಲಾರದು. ಆದರೆ ಗೊಬ್ಬರದ ಅಂಗಡಿಯ ಪರವಾನಗಿಯಲ್ಲಿ, ಬ್ಯಾಂಕಿನ ಖಾತೆಯಲ್ಲಿ, ಬಾಗಿಲಿನ ಫಲಕದಲ್ಲಿ ಎಲ್ಲಿಯೂ ಹೆಸರಿಲ್ಲದೆ, ಇಪ್ಪತ್ತು ವರ್ಷ ಮೇಜಿನ ಹಿಂದೆ ಕುಳಿತು, ಇಂದಿಗೂ "ಅವರು ಬರಲಿ" ಎನ್ನುವ ಹೆಂಗಸಿಗೆ ಪ್ರತಿಭೆಯ ಕೊರತೆಯಿದೆಯೆಂದು ನಾನು ಒಪ್ಪಲಾರೆ.

ಅಧಿಕಾರವನ್ನು ಒಪ್ಪಿಸುವ ವಿಷಯದಲ್ಲಿ ಬೆಟ್ಟದ ಇನ್ನೊಂದು ಪಕ್ಕದಲ್ಲಿ ನಡೆಯುತ್ತಿರುವ ಪ್ರಯೋಗವೊಂದು ಗಮನಾರ್ಹ. ಕೋಟಗಿರಿಯ ಕೀಸ್ಟೋನ್ ಸಂಸ್ಥೆಯ ಆಸರೆಯಲ್ಲಿ 2013ರಲ್ಲಿ ಸ್ಥಾಪಿತವಾದ ಆದಿಮಲೈ ಪಳಂಗುಡಿಯಿನರ್ ಉತ್ಪಾದಕ ಕಂಪನಿಯು ನೀಲಗಿರಿಯಿಂದ ಸತ್ಯಮಂಗಲದ ಕಾಡಿನವರೆಗಿನ ಆದಿವಾಸಿಗಳದ್ದು. ಹಾಸನೂರಿನ ಸುತ್ತಿನ ಸೋಲಿಗ, ಊರಾಳಿ ಜನಗಳ ನಡುವೆಯೂ ಅದರ ಕೆಲಸವಿದೆ. ಜೇನು, ಕಿರುಧಾನ್ಯ, ಕಾಡಿನ ಉತ್ಪನ್ನಗಳ ಈ ಕಂಪನಿಗೆ 2021ರಲ್ಲಿ ಈಕ್ವೇಟರ್ ಪ್ರಶಸ್ತಿ ಬಂದಿತು. ಇಂತಹ ಉತ್ಪಾದಕ ಕಂಪನಿಗಳಿಗೆ ಕಾನೂನು ವಿಧಿಸಿರುವ ನಿಯಮ ವಿಚಾರಯೋಗ್ಯ. ನಿರ್ದೇಶಕರು 5ಕ್ಕೆ ಕಡಿಮೆಯಿಲ್ಲದೆ 15ಕ್ಕೆ ಮೀರದೆ ಇರಬೇಕು. ಪೂರ್ಣಾವಧಿಯ ಮುಖ್ಯ ಕಾರ್ಯನಿರ್ವಾಹಕನೊಬ್ಬನು ಇರಲೇಬೇಕು. ಅವನು ಸದಸ್ಯರಲ್ಲದವರಲ್ಲಿ ಒಬ್ಬನಾಗಿರಬೇಕು. ಎಂದರೆ ಒಡೆಯರು ಸಾವಿರ ಮಂದಿಯಿದ್ದರೂ ದಿನದ ಆಡಳಿತವನ್ನು ಒಡೆಯನಲ್ಲದವನ ಕೈಗೆ ಕೊಡತಕ್ಕದ್ದು. ಮಗ ಮಾಡುವುದು ಮಧ್ಯಮವೆಂಬ ಗಾದೆಯನ್ನು ನಂಬಿದ ದೇಶದಲ್ಲಿ ಶಾಸನಕರ್ತರು ಇಷ್ಟು ದೂರ ಯೋಚಿಸಿದುದು ಆಶ್ಚರ್ಯವೇ. ಇದರಲ್ಲಿ ಅಪಾಯವೂ ಉಂಟು: ಲೆಕ್ಕ ಬಲ್ಲ ಹೊರಗಿನವನು ಕಂಪ್ಯೂಟರಿನ ಮುಂದೆ ಕುಳಿತು, ಲೆಕ್ಕ ಬಾರದ ಒಡೆಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸ್ಥಿತಿ ಯಾವ ಸಹಕಾರ ಸಂಸ್ಥೆಗಾದರೂ ಬರಬಹುದು. ಅಂಗಡಿಯ ಯಜಮಾನನು ತನ್ನಲ್ಲಿ ಅತಿಯಾಗಿ ಉಳಿಸಿಕೊಂಡರೆ, ಇಂತಹ ಕಡೆ ಒಡೆಯರು ಅತಿಯಾಗಿ ಬಿಟ್ಟುಕೊಡುತ್ತಾರೆ. ಒಪ್ಪಿಸಿದವನಿಗೆ ಕೆಲಸದ ಒಳಗೂ ಹೊರಗೂ ತಿಳಿದಿದ್ದರೆ ಮಾತ್ರ ಅದು ಒಪ್ಪಿಸುವಿಕೆ. ತಿಳಿಯದೆ ಬಿಟ್ಟುಕೊಟ್ಟದ್ದಕ್ಕೆ ಬೇರೆ ಹೆಸರಿದೆ.

ಇನ್ನು ಉಳಿದುದು ಮುಂದಿನ ತಲೆಮಾರಿನ ಸಂಗತಿ. ತಾಳವಾಡಿಯ ಅಂಗಡಿಗಳ ಮಕ್ಕಳು ಕೊಯಮತ್ತೂರಿನಲ್ಲಿ, ಮೈಸೂರಿನಲ್ಲಿ ಓದಿ ಅಲ್ಲಿಯೇ ನಿಲ್ಲುತ್ತಿದ್ದಾರೆ, ಯಾರನ್ನೂ ದೂರುವಂತಿಲ್ಲ. ಅಪ್ಪನಿಗೆ ವಯಸ್ಸಾಗುತ್ತದೆ, ಅಂಗಡಿಯ ಆಗುಹೋಗುಗಳನ್ನೆಲ್ಲ ಬಲ್ಲವನು ಹದಿನೈದು ವರ್ಷದಿಂದ ಮೂಟೆ ಎತ್ತುತ್ತಿರುವ, ಈಗಲೂ ಹುಡುಗನೆಂದೇ ಕರೆಸಿಕೊಳ್ಳುವ ಮೂವತ್ತೈದರ ಗಂಡಸು. ಹಿಂದೆ ನಮ್ಮ ಉಡುಪಿ ಹೋಟೆಲುಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆಯಿತ್ತು. ಲೋಟ ತೊಳೆಯುವುದಕ್ಕೆ ಬಂದ ಹುಡುಗನು ಸಪ್ಲೈಯರಾಗಿ, ಮುಂದೆ ಗಲ್ಲೆಯಲ್ಲಿ ಕುಳಿತು, ಕೊನೆಗೆ ಪಾಲುದಾರನಾಗಿಯೋ ಬೇರೊಂದು ಊರಿನಲ್ಲಿ ಸ್ವಂತ ಹೋಟೆಲಿನವನಾಗಿಯೋ ನಿಲ್ಲುತ್ತಿದ್ದನು. ಮದರಾಸಿನಲ್ಲಿ ಅಡಿಗೆಮನೆಯ ಕೆಲಸದಿಂದ ಮೇಲೆ ಬಂದು ವುಡ್‌ಲ್ಯಾಂಡ್ಸನ್ನು ಕಟ್ಟಿದ ಕೆ. ಕೃಷ್ಣರಾಯರು ಆ ದಾರಿಯ ಪ್ರಸಿದ್ಧ ಪಥಿಕರು. ಮೂಟೆ ಎತ್ತುವವನಿಗೆ ಅಂತಹ ಮೆಟ್ಟಿಲುಗಳನ್ನು ತಾಳವಾಡಿಯ ಯಜಮಾನನು ಏಕೆ ಕಟ್ಟುವುದಿಲ್ಲ? ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ಲಾಭದಲ್ಲಿ ಪಾಲು ಕೊಟ್ಟರೆ ನಾಳೆ ಅಂಗಡಿಯಲ್ಲಿಯೇ ಪಾಲು ಕೇಳಿ ಕೋರ್ಟಿಗೆ ಹೋಗುತ್ತಾನೆ. ಈ ಭಯಕ್ಕೆ ಕಾನೂನಿನ ಆಧಾರ ಅಷ್ಟಾಗಿಲ್ಲ. 1932ರ ಪಾಲುದಾರಿಕೆ ಅಧಿನಿಯಮದ 6ನೆಯ ಪ್ರಕರಣವು, ನೌಕರನು ತನ್ನ ಸಂಬಳವಾಗಿ ಲಾಭದ ಒಂದು ಭಾಗವನ್ನು ಪಡೆದ ಮಾತ್ರಕ್ಕೆ ಅವನು ಪಾಲುದಾರನಾಗುವುದಿಲ್ಲವೆಂದು ಬಿಡಿಸಿ ಹೇಳಿದೆ. ಇಂತಿಷ್ಟು ಸಂಬಳ, ವರ್ಷದ ಲಾಭದಲ್ಲಿ ಇಂತಿಷ್ಟು ಭಾಗ, ಇಂತಿಷ್ಟು ರೂಪಾಯಿಯವರೆಗೆ ಸಾಲ ಕೊಡುವ ಹಕ್ಕು ಎಂದು ಒಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರೆ ಆಯಿತು. ಅದಕ್ಕೆ ಘಾಟಿ ಇಳಿಯಬೇಕಾದುದೂ ಇಲ್ಲ.